ಭಾನುವಾರಕ್ಕೂ ಒಂದು ಟಾರ್ಗೆಟ್

ಪ್ರಶ್ನೆ: ಮೇಡಂ, ನನ್ನ ಸಮಸ್ಯೆ ಓದಿ ನೀವು ನಗಬಹುದು. ನನಗೆ 37 ವರ್ಷ. ಕುಂದಾಪುರದ ಹತ್ತಿರ ಮನೆ, ಫೈನಾನ್ಸ್ ಕಂಪನಿಯೊಂದರಲ್ಲಿ ಫೀಲ್ಡ್ ಕೆಲಸ. ಭಾನುವಾರ ಬೆಳಿಗ್ಗೆ ಕೋಡಿ ಕಡೆ ಗಾಳ ಹಾಕಲು ಹೋಗುವುದೊಂದೇ ನನ್ನ ಹವ್ಯಾಸ. ಚಿಕ್ಕಂದಿನಿಂದ ಎರೆಗೆ ಚಟ್ಲಿ (ಸಿಗಡಿ) ಸಿಕ್ಕಿಸಿ ಗಾಳ ಹಾಕಿದವನು, ಎರಡು ವರ್ಷದ ಹಿಂದೆ ರಾಡು ರೀಲು ತಗೊಂಡು ಲೂರ್‌ಗೆ, ಅಂದರೆ ಕೃತಕ ಎರೆಗೆ, ಬದಲಾದೆ. ಮೊದಲ ವರ್ಷ ಚೆನ್ನಾಗಿಯೇ ಸಿಕ್ಕಿತು. ಈ ಸಲ ಚೌತಿಯಿಂದ ದೀಪಾವಳಿಯವರೆಗೆ ಒಂದು ಮೀನೂ ಇಲ್ಲ. ಪಕ್ಕದಲ್ಲೇ ಒಬ್ಬರು ಅಜ್ಜ ಕೈಯಲ್ಲೇ ತಂಗೂಸಿ ಬೀಸಿ, ಚಟ್ಲಿ ಹಾಕಿ, ಒಂದರ ಹಿಂದೊಂದು ಕಾಣೆ ಎಳೆಯುತ್ತಿರುತ್ತಾರೆ. ನನ್ನನ್ನು ನೋಡಿ ನಕ್ಕ ಹಾಗೆ ಕಾಣುತ್ತದೆ. ನಮ್ಮ ಲೂರ್ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಾ ಫೋಟೊ. ಎರೆ ಹಾಕಿ ಹಿಡಿಯುವುದು ಮಕ್ಕಳಾಟ ಎಂಬ ಮಾತು ಬೇರೆ. ಸಿಗುತ್ತಿಲ್ಲವೆಂದು ಹೊಸ ಹೊಸ ಲೂರ್ ತರಿಸಿದೆ. ಹೆಂಡತಿಗೆ ಅರ್ಧ ಬೆಲೆ ಹೇಳಿದ್ದೇನೆ. ಈಗೀಗ ಸಂಜೆಯೂ ಹೋಗುತ್ತೇನೆ, ನಿದ್ದೆ ಸರಿಯಿಲ್ಲ. ಕಳೆದ ವಾರ ಮಗ ‘ಇವತ್ತೂ ಇಲ್ಯಾ ಅಪ್ಪಯ್ಯ?’ ಎಂದಿದ್ದಕ್ಕೆ ಕೈ ಎತ್ತಿಬಿಟ್ಟೆ, ಹೊಡೆಯಲಿಲ್ಲ. ಕತ್ತಲಾದ ಮೇಲೆ ಒಬ್ಬನೇ ಕಲ್ಲಿನ ತುದಿಯಲ್ಲಿ ನಿಂತಾಗ ಯಾಕಾದರೂ ಬೇಕು ಇದೆಲ್ಲ ಅನಿಸುತ್ತದೆ. ಮತ್ತೆ ಎರೆಗೇ ಹೋಗಲೇ? ರಾಡು ಮಾರಿಬಿಡಲೇ?

— ಹೆಸರು ಬೇಡ

ಉತ್ತರ: ನಗು ಬರಲಿಲ್ಲ. ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೀನು ಸಿಗುತ್ತಿಲ್ಲವೆಂದು ನಿಮಗೆ ಬೇಸರವಾಗಿದೆ. ಬೇಸರವಾಗಿದ್ದಕ್ಕೆ ನಾಚಿಕೆಯೂ ಆಗಿದೆ. ಮೊದಲನೆಯದಕ್ಕಿಂತ ಎರಡನೆಯದೇ ನಿಮ್ಮನ್ನು ಹೆಚ್ಚು ಹಣ್ಣು ಮಾಡಿದಂತಿದೆ.

ಕಡಲ ಊರುಗಳಲ್ಲಿ ಈ ನಾಚಿಕೆಗೆ ಕಾರಣವೂ ಇದೆ. ದೋಣಿಗೆ ಹೋಗುವವರ ಮನೆಯಲ್ಲಿ ಮೀನು ಬೀಳದಿದ್ದರೆ ಡೀಸೆಲಿನ ಖರ್ಚೂ ಮೈಮೇಲೆ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲಿ ನಿಲ್ಲುವ ಎರಡು ತಿಂಗಳನ್ನು ಸಾಲ ಮಾಡಿ ದಾಟುವವರು ನಿಮ್ಮ ನೆರೆಹೊರೆಯಲ್ಲೇ ಇದ್ದಾರು. ಅಂಥವರ ನಡುವೆ ನಿಂತು ‘ಭಾನುವಾರದ ಗಾಳಕ್ಕೆ ಮೀನು ಸಿಗುತ್ತಿಲ್ಲ, ಅದಕ್ಕೆ ನಿದ್ದೆ ಬರುತ್ತಿಲ್ಲ’ ಎಂದು ಯಾರ ಹತ್ತಿರ ಹೇಳುತ್ತೀರಿ? ‘ಪ್ಯಾಟಿಗ್ ಹೋಯಿ ಬಂಗ್ಡಿ ತಕಂಡ್ ಬಾ ಮಾರಾಯಾ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಾಗಾಗಿ ನುಂಗಿಕೊಂಡಿರಿ. ಎರಡು ತಿಂಗಳು ನುಂಗಿದ್ದು ಒಂದು ಬೆಳಿಗ್ಗೆ ಮಗನ ಮೇಲೆ ಎತ್ತಿದ ಕೈಯಾಗಿ ಹೊರಗೆ ಬಂತು. ಹೊಟ್ಟೆಪಾಡಿನ ನಷ್ಟ ದೊಡ್ಡದು, ನಿಜ. ಇನ್ನೊಬ್ಬರ ದುಃಖ ದೊಡ್ಡದೆಂದ ಮಾತ್ರಕ್ಕೆ ನಿಮ್ಮದು ಸುಳ್ಳಾಗುವುದಿಲ್ಲ. ವಾರವಿಡೀ ಕಾದು ಕೂರುವ ಮೂರು ಗಂಟೆಗಳು ಪ್ರತಿ ಸಲವೂ ಬರಿಗೈಯಲ್ಲಿ ಮುಗಿದರೆ ಯಾರಿಗಾದರೂ ಮನಸ್ಸು ಮುದುಡುತ್ತದೆ.

ಮುಂದಿನ ಮಾತಿಗೆ ಮೊದಲು ಒಂದನ್ನು ನೇರವಾಗಿ ಕೇಳುತ್ತೇನೆ. ಕತ್ತಲಲ್ಲಿ, ಕಲ್ಲಿನ ತುದಿಯಲ್ಲಿ, ‘ಯಾಕಾದರೂ ಬೇಕು ಇದೆಲ್ಲ’ ಅನಿಸುತ್ತದೆ ಎಂದು ಬರೆದಿದ್ದೀರಿ. ಬೇಡವೆನಿಸುವುದು ಗಾಳವೇ, ಬದುಕೇ? ಗಾಳವಾದರೆ ಮುಂದೆ ಓದಿ. ಬದುಕಿನ ಬಗ್ಗೆ ಒಂದು ಗಳಿಗೆಯಾದರೂ ಹಾಗನಿಸಿದ್ದರೆ ಈ ಪುಟವನ್ನು ಮಡಚಿಟ್ಟು ಮೊದಲು 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆ ಕೆಟ್ಟು, ಊಟ ರುಚಿಸದೆ, ಯಾವುದರಲ್ಲೂ ಮನಸ್ಸಿಲ್ಲದ ಸ್ಥಿತಿ ಎರಡು ವಾರ ದಾಟಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಒಮ್ಮೆ ಕಾಣಿ. ಜ್ವರ ಇಳಿಯದಿದ್ದರೆ ತೋರಿಸಿಕೊಳ್ಳುವುದಿಲ್ಲವೇ, ಇದೂ ಅಷ್ಟೇ. ಮತ್ತು ಯಾವ ಉತ್ತರವೇ ಇರಲಿ, ಕತ್ತಲಾದ ಮೇಲೆ ಒಬ್ಬರೇ ಕಲ್ಲಿನ ಮೇಲೆ ಹೋಗುವುದನ್ನು ಇವತ್ತಿಗೇ ನಿಲ್ಲಿಸಿ. ಪಾಚಿ ಹಿಡಿದ ಕಲ್ಲು ಸರಿಯಾದ ಮನಸ್ಸಿನಲ್ಲಿರುವವರನ್ನೂ ಜಾರಿಸುತ್ತದೆ. ಇದರಲ್ಲಿ ಮಾತ್ರ ನಾನು ಚೌಕಾಸಿಗೆ ಇಲ್ಲ.

ಈಗ ಗಾಳಕ್ಕೆ ಬರೋಣ. ನಾನು ಗಾಳ ಹಾಕುವವಳಲ್ಲ. ಕಡಲ ಬದಿಯವಳಾದ್ದರಿಂದ ನೋಡಿ, ಕೇಳಿ ತಿಳಿದದ್ದು ಸ್ವಲ್ಪ. ನಿಮ್ಮ ಕಾಗದ ಬಂದ ಮೇಲೆ ಬಲ್ಲವರನ್ನು ವಿಚಾರಿಸಿ ಖಚಿತ ಮಾಡಿಕೊಂಡದ್ದು ಇನ್ನು ಸ್ವಲ್ಪ. ಮನಸ್ಸಿನ ಕಡೆಯಿಂದ ಹೇಳಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ.

ನಿಮ್ಮದು ಫೀಲ್ಡ್ ಕೆಲಸ. ತಿಂಗಳ ಕೊನೆ ಎಂದರೆ ಏನೆಂದು ನಿಮಗೆ ಯಾರೂ ಕಲಿಸಬೇಕಿಲ್ಲ. ಇಷ್ಟು ಮನೆಯ ಮೆಟ್ಟಿಲು ಹತ್ತಿದರೆ ಇಷ್ಟು ಕಂತು ಬರಬೇಕು. ಬರದಿದ್ದರೆ ತಪ್ಪು ನಿಮ್ಮದು. ಆ ಮನೆಯವರ ಅಡಿಕೆಗೆ ಮಳೆಗಾಲದಲ್ಲಿ ಕೊಳೆರೋಗ ಬಂದಿತ್ತೇ, ಮನೆಯಲ್ಲಿ ಯಾರಿಗಾದರೂ ಕಾಯಿಲೆಯೇ ಎಂದು ಮೇಲಿನವರು ಕೇಳುವುದಿಲ್ಲ. ಅವರಿಗೆ ಬೇಕಾದ್ದು ಸಂಜೆಯ ಅಂಕಿ. ಆರು ದಿನ ಈ ಲೆಕ್ಕದೊಳಗೆ ಉಸಿರಾಡಿದವರಿಗೆ ಏಳನೆಯ ದಿನ ಅದನ್ನು ಚಪ್ಪಲಿಯಂತೆ ಹೊಸ್ತಿಲಾಚೆ ಬಿಟ್ಟು ಬರಲು ಆಗುವುದಿಲ್ಲ. ನೀವೂ ಬಿಡಲಿಲ್ಲ. ಇಷ್ಟು ಹೊತ್ತು ನಿಂತೆ, ಇಷ್ಟು ಎಸೆದೆ, ಇಷ್ಟು ಖರ್ಚು ಮಾಡಿದೆ, ಆದ್ದರಿಂದ ಮೀನು ಬರಬೇಕು ಎಂಬ ಲೆಕ್ಕ ಕೋಡಿಯ ಮರಳಿನ ಮೇಲೂ ನಡೆಯುತ್ತಿದೆ. ಮೊದಲ ವರ್ಷ ಮೀನು ಸಿಕ್ಕಿದ್ದರಿಂದ ಅದು ನಿಮ್ಮ ಕಣ್ಣಿಗೆ ಬೀಳಲಿಲ್ಲ. ಟಾರ್ಗೆಟ್ ತಲುಪುತ್ತಿರುವ ತಿಂಗಳಲ್ಲಿ ಟಾರ್ಗೆಟ್ಟಿನ ಭಾರ ಯಾರಿಗೂ ತಿಳಿಯುವುದಿಲ್ಲವಲ್ಲ.

ಇದನ್ನು ಓದುತ್ತಿರುವ ಎಷ್ಟೋ ಮಂದಿಗೆ ಗಾಳದ ಗೊಡವೆ ಇರಲಿಕ್ಕಿಲ್ಲ. ಆದರೆ ಬೆಳಗಿನ ವಾಕಿಂಗಿನಲ್ಲಿ ಹೆಜ್ಜೆ ಎಣಿಸಿ ಎಣಿಸಿ ನಡಿಗೆಯ ಸುಖ ಕಳೆದುಕೊಂಡವರು, ಸಂಗೀತ ಕಲಿಯಲು ಹೋಗಿ ಪರೀಕ್ಷೆಯ ಅಂಕಕ್ಕೆ ಅತ್ತವರು ಈ ಅಂಕಣಕ್ಕೆ ಬರೆಯುತ್ತಲೇ ಇರುತ್ತಾರೆ. ನಿಮ್ಮದು ಅದೇ ಕುಲದ ಸಂಕಟ.

ಇದರ ಮೇಲೆ ಲೂರ್ ತನ್ನದೊಂದು ಪೆಟ್ಟು ಸೇರಿಸುತ್ತದೆ. ಲೂರ್ ಹಾಕುವವರು ಗಂಟೆಗೆ ಎಷ್ಟು ಸಲ ಎಸೆಯುತ್ತಾರೆ? ನಿಮಿಷಕ್ಕೊಂದು ಎಂದು ಹಿಡಿದರೂ 60. ಮೂರು ಗಂಟೆಗೆ 180. ಪಕ್ಕದ ಅಜ್ಜ ಕಾಲು ಗಂಟೆಗೊಮ್ಮೆ ತಂಗೂಸಿ ಎಳೆದು ಎರೆ ನೋಡುತ್ತಾರೆ ಎಂದುಕೊಳ್ಳಿ; ಅವರದು 12. ಇಬ್ಬರಿಗೂ ಮೀನು ಸಿಗದ ದಿನ ಕಡಲು ಅವರಿಗೆ ಹನ್ನೆರಡು ಸಲ ‘ಇಲ್ಲ’ ಎಂದಿರುತ್ತದೆ, ನಿಮಗೆ ನೂರೆಂಬತ್ತು ಸಲ. ಮನಸ್ಸಿಗೆ ಈ ಎರಡೂ ಒಂದೇ ಅಲ್ಲ. ಅಜ್ಜನ ಎರೆ ಅರ್ಧ ಕಚ್ಚಿಸಿಕೊಂಡು ಬಂದರೆ ಕೆಳಗೆ ಯಾವುದೋ ಜೀವ ಇದೆ ಎಂದಾದರೂ ಗೊತ್ತಾಗುತ್ತದೆ. ಏಡಿಯೇ ತಿಂದು ಹೋಗಿರಲಿ, ಬೈಯಲು ಒಂದು ಏಡಿ ಸಿಕ್ಕಿತು. ನಿಮ್ಮ ಲೂರ್ ಹೋದ ಹಾಗೆಯೇ, ಗೀರೂ ಇಲ್ಲದೆ ತಿರುಗಿ ಬರುತ್ತದೆ. ಅಷ್ಟು ಸಾಲದೆಂಬಂತೆ, ಅದಕ್ಕೆ ಜೀವ ಬರುವುದು ನಿಮ್ಮ ಕೈಯಿಂದ. ಎಳೆತ, ನಿಲುಗಡೆ, ಜಗ್ಗು ಎಲ್ಲ ನಿಮ್ಮದೇ. ಚಟ್ಲಿಗೆ ಮೀನು ಬರದಿದ್ದರೆ ‘ಮೀನಿಲ್ಲ’ ಎನ್ನಬಹುದು. ಲೂರ್‌ಗೆ ಬರದಿದ್ದರೆ ‘ನನಗೆ ಬರುವುದಿಲ್ಲ’ ಎಂದು ಕೇಳಿಸುತ್ತದೆ. ಎರಡು ತಿಂಗಳು ಇದನ್ನು ಕೇಳಿಸಿಕೊಂಡವರು ಮುಖ ಗಂಟು ಹಾಕಿಕೊಂಡು ಮನೆಗೆ ಬರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಷ್ಟಾದರೂ ಬಿಡಲು ಏಕೆ ಆಗುತ್ತಿಲ್ಲ? ಇದಕ್ಕೆ ಮನಶ್ಶಾಸ್ತ್ರದಲ್ಲಿ ಹಳೆಯ ಉತ್ತರವೊಂದಿದೆ. ಚಾರ್ಲ್ಸ್ ಫರ್ಸ್ಟರ್ ಮತ್ತು ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳನ್ನು 1957ರಲ್ಲಿ ದಪ್ಪ ಪುಸ್ತಕವಾಗಿ ತಂದರು. ಯಾವ ಕುಕ್ಕಿಗೆ ಕಾಳು ಬೀಳುತ್ತದೆಂದು ಗೊತ್ತಾಗದಂತೆ ಆಗೊಮ್ಮೆ ಈಗೊಮ್ಮೆ ಕಾಳು ಪಡೆದ ಹಕ್ಕಿ, ಕಾಳು ಬರುವುದು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ಪ್ರತಿ ಕುಕ್ಕಿಗೂ ಕಾಳು ಪಡೆದ ಹಕ್ಕಿ ಅಷ್ಟು ಹೊತ್ತು ಹಟ ಹಿಡಿಯುವುದಿಲ್ಲ. ‘ಇನ್ನೊಂದೇ ಎಸೆತ’ ಎನ್ನುತ್ತ ಒಂಬತ್ತು ಗಂಟೆಯ ಬಿಸಿಲಿಗೆ ನಿಲ್ಲುವುದು, ‘ಇನ್ನೊಂದೇ ಲೂರ್’ ಎನ್ನುತ್ತ ರಾತ್ರಿ ಹನ್ನೊಂದಕ್ಕೆ ಆರ್ಡರ್ ಮಾಡುವುದು, ಇವೆರಡೂ ಅದೇ ಕುಕ್ಕು. ಇದು ನಿಮ್ಮೊಬ್ಬರ ದೌರ್ಬಲ್ಯವಲ್ಲ, ಜೀವಿಗಳ ಮನಸ್ಸು ಇರುವುದೇ ಹಾಗೆ. ಹಾಗೆಂದು ಬಿಲ್ಲನ್ನು ಹಕ್ಕಿಯ ಮೇಲೆ ಹಾಕಲು ಬರುವುದಿಲ್ಲ. ದುಡ್ಡಿನ ಮಾತು ಆಮೇಲೆ.

ಈಗ ನೀರಿನ ಕಡೆ ನೋಡೋಣ. ನೀವು ಭಾನುವಾರ ಭಾನುವಾರವನ್ನು ಹೋಲಿಸಿ ‘ಮತ್ತೆ ಇಲ್ಲ’ ಎಂದು ಸೋಲುತ್ತಿದ್ದೀರಿ. ಆದರೆ ಭರತ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಏಳು ದಿನಕ್ಕೆ ಹೆಚ್ಚುಕಡಿಮೆ ಆರು ಗಂಟೆ. ಭರತಕ್ಕೂ ಇಳಿತಕ್ಕೂ ನಡುವೆ ಇರುವುದೂ ಸುಮಾರು ಆರೇ ಗಂಟೆ. ಎಂದರೆ ಕಳೆದ ಭಾನುವಾರ ಬೆಳಿಗ್ಗೆ ಆರಕ್ಕೆ ನೀರು ತುಂಬಿ ನಿಂತಿದ್ದರೆ, ಈ ಭಾನುವಾರ ಅದೇ ಆರಕ್ಕೆ ಅದೇ ಜಾಗದಲ್ಲಿ ನೀರು ಹಿಂದೆ ಸರಿದಿರುತ್ತದೆ. ಜಾಗ ಒಂದೇ, ಹೊತ್ತು ಒಂದೇ, ಕಡಲು ಮಾತ್ರ ಬೇರೆ. ರಜೆ ಸಿಕ್ಕಾಗ ಮಾತ್ರ ಹೋಗುವವರಿಗೆ ಇದು ದೊಡ್ಡ ತೊಡಕು. ಆ ಅಜ್ಜ ವಾರದ ಯಾವ ದಿನವಾದರೂ, ನೀರು ನೋಡಿಕೊಂಡು ಮನೆಯಿಂದ ಹೊರಡಬಲ್ಲವರು ಎಂದು ನನ್ನ ಊಹೆ. ನೀವು ಹೊರಡುವುದು ಕ್ಯಾಲೆಂಡರ್ ನೋಡಿಕೊಂಡು. ಇಬ್ಬರ ಬುಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲೇ ಅನ್ಯಾಯವಿದೆ.

ನೀರಿನ ಬಣ್ಣದ್ದು ಇನ್ನೊಂದು ಮಾತು. ಚೌತಿಯಿಂದ ದೀಪಾವಳಿ ಎಂದಿರಿ. ಮಳೆಗಾಲದ ಬಾಲ ಅದು. ವಾರಾಹಿ, ಚಕ್ರಾ, ಸೌಪರ್ಣಿಕಾ ಸೇರಿ ಐದು ನದಿಗಳು ಘಟ್ಟದ ನೀರನ್ನು ತಂದು ಪಂಚಗಂಗಾವಳಿಯ ಅಳಿವೆಯಲ್ಲಿ ಸುರಿಯುವ ಜಾಗದ ಪಕ್ಕದಲ್ಲೇ ನೀವು ನಿಲ್ಲುತ್ತೀರಿ. ಒಂದು ಗುಡುಗುಮಳೆ ಬಂದರೆ ಸಾಕು, ನೀರು ಮತ್ತೆ ಕೆಂಪಾಗುತ್ತದೆ. ಲೂರ್ ನಂಬಿರುವುದು ಬೇಟೆಯಾಡುವ ಮೀನಿನ ಕಣ್ಣನ್ನು, ಮತ್ತು ನೀರಿನ ಅದುರನ್ನು ಹಿಡಿಯುವ ಅದರ ಪಕ್ಕೆಯ ಗೆರೆಯನ್ನು. ಚಟ್ಲಿಗೆ ವಾಸನೆಯೂ ಇದೆ. ಕದಡಿದ ನೀರಿನಲ್ಲಿ ಕಣ್ಣು ಸೋತರೂ ಮೂಗು ಸೋಲುವುದಿಲ್ಲ. ಜೊತೆಗೆ ಅಜ್ಜ ಹಿಡಿಯುತ್ತಿರುವುದು ಕಾಣೆ. ಮರಳಿನ ಮೇಲೆ ಹುಳು, ಸಣ್ಣ ಸಿಗಡಿ ಹುಡುಕುತ್ತ ತಿರುಗುವ ಸಣ್ಣ ಬಾಯಿಯ ಮೀನು. ನೀವು ಎಸೆಯುತ್ತಿರುವುದು ಕೊಕ್ಕರಿನಂಥ ಬೇಟೆಗಾರ ಮೀನಿಗೆ ಬೇಕಾದ ದೊಡ್ಡ ಲೂರ್ ಆಗಿದ್ದರೆ, ನೀವಿಬ್ಬರೂ ಒಂದೇ ಆಟ ಆಡುತ್ತಲೇ ಇಲ್ಲ. ಆಡದ ಆಟದಲ್ಲಿ ಸೋತೆನೆಂದು ತಲೆ ತಗ್ಗಿಸುತ್ತಿದ್ದೀರಿ.

ಎರೆ ಮಕ್ಕಳಾಟ ಎನ್ನುವ ನಿಮ್ಮ ಗೆಳೆಯರಿಗೆ ಬೇಕಾದರೆ ಇದನ್ನು ಓದಿ ಹೇಳಿ. ಇಂಗ್ಲೆಂಡಿನ ಐಸಾಕ್ ವಾಲ್ಟನ್ 1653ರಲ್ಲಿ ‘ದಿ ಕಂಪ್ಲೀಟ್ ಆ್ಯಂಗ್ಲರ್’ ಎಂಬ ಪುಸ್ತಕ ಬರೆದ. ಗಾಳದ ಬಗ್ಗೆ ಜಗತ್ತಿನಲ್ಲಿ ಅತಿ ಹೆಚ್ಚು ಸಲ ಅಚ್ಚಾದ ಪುಸ್ತಕಗಳಲ್ಲಿ ಅದೂ ಒಂದು. ವಾಲ್ಟನ್ ಮುಖ್ಯವಾಗಿ ಎರೆಯ ಮನುಷ್ಯ. ಗರಿ, ನೂಲು ಸುತ್ತಿ ಮಾಡಿದ ಕೃತಕ ನೊಣದಿಂದ ಮೀನು ಹಿಡಿಯುವ ವಿದ್ಯೆಗೆ ಅವನ ಕಿರಿಯ ಗೆಳೆಯ ಚಾರ್ಲ್ಸ್ ಕಾಟನ್ ಒಂದು ಇಡೀ ಭಾಗ ಬರೆದು 1676ರ ಐದನೆಯ ಆವೃತ್ತಿಗೆ ಸೇರಿಸಿದ. ಆ ಭಾಗದ ಶೀರ್ಷಿಕೆಯಲ್ಲೇ ಇದು ತಿಳಿನೀರಿನ ಹೊಳೆಗೆ ಎಂದು ಕಾಟನ್ ಹೇಳಿಬಿಟ್ಟಿದ್ದಾನೆ. ನಿಮ್ಮ ಗುಂಪಿನ ಹುಡುಗರಿಗಿಂತ ಅವನಿಗೆ ತನ್ನ ಸಾಧನದ ಮಿತಿ ಚೆನ್ನಾಗಿ ಗೊತ್ತಿತ್ತು. ಇಬ್ಬರೂ ಒಂದೇ ರಟ್ಟಿನೊಳಗೆ ಜಗಳವಿಲ್ಲದೆ ಇದ್ದಾರೆ.

ಆದ್ದರಿಂದ ‘ಎರೆಗೇ ಹೋಗಲೇ?’ ಎಂಬ ಪ್ರಶ್ನೆಗೆ ನನ್ನ ಉತ್ತರ: ಹೋಗಿ, ಆದರೆ ಸೋತು ಹೋಗುವವರ ಹಾಗೆ ಹೋಗಬೇಡಿ. ಬರುವ ನಾಲ್ಕು ಭಾನುವಾರ ಮೊದಲ ಒಂದು ಗಂಟೆ ಚಟ್ಲಿ ಹಾಕಿ. ಕೆಳಗೆ ಏನು ನಡೆಯುತ್ತಿದೆ ಎಂದು ಕಡಲನ್ನು ಕೇಳುವ ಕ್ರಮ ಅದು. ಎರೆ ಕಚ್ಚಿಸಿಕೊಂಡು ಬಂತೇ, ಏಡಿ ತಿಂದಿತೇ, ಕಾಣೆ ಬಂತೇ ನೋಡಿ. ಆ ಗಂಟೆಯಲ್ಲಿ ನಿಮ್ಮ ಕೈಗೆ ಬಿಡುವು, ಕಣ್ಣಿಗೆ ಕೆಲಸ. ಸಣ್ಣ ಮೀನುಗಳು ಮೇಲೆ ಚಿಮ್ಮುತ್ತಿವೆಯೇ, ಹಕ್ಕಿಗಳು ಎಲ್ಲಿ ಎರಗುತ್ತಿವೆ, ಅಲೆ ಎಲ್ಲಿ ಒಡೆಯುತ್ತಿದೆ ಎಂದು ಗಮನಿಸಿ. ಅಲೆ ಒಡೆಯುವಲ್ಲಿ ಮರಳ ದಿಬ್ಬ ಇರುತ್ತದೆ. ಅದಕ್ಕೂ ದಡಕ್ಕೂ ನಡುವಿನ ತಗ್ಗಿನಲ್ಲಿ ಮೀನು ಓಡಾಡುತ್ತದೆ. ದೂರ ಎಸೆಯುವ ಹುಮ್ಮಸ್ಸಿನಲ್ಲಿ ಕಾಲಬುಡದ ಈ ತಗ್ಗನ್ನು ದಾಟಿ ಎಸೆಯುವವರೇ ಹೆಚ್ಚು ಎಂದು ಬಲ್ಲವರು ಹೇಳಿದರು. ಲೂರ್‌ನ ಸರದಿ ಎರಡನೆಯ ಗಂಟೆಗೆ. ನೀರು ಕೆಂಪಾಗಿದ್ದರೆ ಆವತ್ತು ಅದನ್ನು ಪೆಟ್ಟಿಗೆಯಿಂದ ತೆಗೆಯದೆಯೂ ಇರಬಹುದು. ತೆಗೆದರೆ ಸಣ್ಣದನ್ನು ಕಟ್ಟಿ, ನಿಧಾನ ಎಳೆಯಿರಿ, ನಾಲ್ಕು ಎಸೆತಕ್ಕೊಮ್ಮೆ ನಿಂತು ನೀರು ನೋಡಿ. 180 ಇದ್ದದ್ದು 40ಕ್ಕೆ ಇಳಿಯಲಿ.

ಇಲ್ಲಿ ಎಲ್ಲ ಓದುಗರಿಗೂ ಒಂದು ಎಚ್ಚರಿಕೆ. ಎರಡೂ ಬದಿ ಅಲೆ ಒಡೆಯುತ್ತಿದ್ದು, ನಡುವೆ ಮಾತ್ರ ಕಪ್ಪಗೆ, ಶಾಂತವಾಗಿ ಕಾಣುವ ಪಟ್ಟಿ ಗಾಳದವರಿಗೆ ಆಸೆ ಹುಟ್ಟಿಸುತ್ತದೆ. ದಡಕ್ಕೆ ಬಂದ ನೀರು ಕಡಲಿಗೆ ಮರಳುವ ಸೆಳೆತದ ದಾರಿಯೂ ಅದೇ ಆಗಿರಬಹುದು. ಅದರೊಳಗೆ ಎಸೆಯಿರಿ, ಇಳಿಯಬೇಡಿ. ಯಾರಾದರೂ ಸಿಕ್ಕಿಬಿದ್ದರೆ ದಡದಲ್ಲಿದ್ದವರು ಹಿಂದೆಯೇ ಹಾರದೆ, ತೇಲುವ ಏನಾದರೂ ಎಸೆದು 112ಕ್ಕೆ ಕರೆ ಮಾಡಬೇಕು. ಸಿಕ್ಕವರು ದಡದ ಕಡೆಗೆ ಸೆಣಸದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು.

ಅಜ್ಜನ ವಿಷಯ. ಅವರು ನಕ್ಕರೆಂದು ನೀವು ಬರೆದಿಲ್ಲ, ‘ನಕ್ಕ ಹಾಗೆ ಕಾಣುತ್ತದೆ’ ಎಂದಿದ್ದೀರಿ. ಎರಡು ತಿಂಗಳು ಪಕ್ಕದಲ್ಲಿ ನಿಂತೂ ಮಾತಾಡದ ಮನುಷ್ಯನ ಮುಖದಲ್ಲಿ ನಮಗೆ ಬೇಕಾದ್ದನ್ನೆಲ್ಲ ಓದಿಕೊಳ್ಳುವುದು ಸುಲಭ. ನಿಮ್ಮೊಳಗೆ ಕೂತ ಮೇಲಧಿಕಾರಿಗೆ ಅವರ ಮುಖ ಕೊಟ್ಟಿದ್ದೀರೇನೋ. ಬರುವ ವಾರ ರಾಡು ಬದಿಗಿಟ್ಟು ಹತ್ತಿರ ಹೋಗಿ, ‘ಅಜ್ಜಯ್ಯ, ಇವತ್ತ್ ನೀರ್ ಹ್ಯಾಂಗ್ ಇತ್ತ್?’ ಎಂದು ಕೇಳಿ. ಅಷ್ಟೇ ಸಾಕು. ನಮ್ಮ ಕಡೆಯ ಹಿರಿಯರಿಗೆ ಎಳೆಯರು ಬಂದು ನೀರಿನ ವಿಚಾರ ಕೇಳಿದರೆ ಅರ್ಧ ಗಂಟೆಯ ಪಾಠ ಖಂಡಿತ, ಜೊತೆಗೆ ಸ್ವಲ್ಪ ಬೈಗುಳವೂ ಇರಬಹುದು. ಬೈಸಿಕೊಳ್ಳಿ. ಅವರು ನಿಜಕ್ಕೂ ನಗುವವರೇ ಆಗಿದ್ದರೆ ಹತ್ತು ಮಾರು ಆಚೆ ನಿಂತರಾಯಿತು, ಕಡಲಿನ ಬದಿಯಲ್ಲಿ ಜಾಗಕ್ಕೆ ಬರವೇ?

ಫೋನಿನ ಗುಂಪನ್ನು ಬಿಡಬೇಕಿಲ್ಲ. ಶನಿವಾರ ರಾತ್ರಿಯಿಂದ ಭಾನುವಾರ ರಾತ್ರಿಯವರೆಗೆ ಅದನ್ನು ತೆರೆಯಬೇಡಿ ಎಂದಷ್ಟೇ ಹೇಳುತ್ತೇನೆ. ಬರಿಗೈಯಲ್ಲಿ ಮನೆಗೆ ಹೋದವರು ಫೋಟೊ ಹಾಕುವುದಿಲ್ಲ. ಗುಂಪಿನಲ್ಲಿ ನಲವತ್ತು ಜನರಿದ್ದು ಇಬ್ಬರಿಗೆ ಮೀನು ಸಿಕ್ಕರೆ ನಿಮಗೆ ಕಾಣುವುದು ಆ ಇಬ್ಬರೇ. ಉಳಿದ ಮೂವತ್ತೆಂಟು ಜನರ ಸಾಲಿನಲ್ಲಿ ನೀವೂ ನಿಂತಿದ್ದೀರಿ, ಅವರೂ ನಿಮ್ಮಂತೆಯೇ ಸುಮ್ಮನಿದ್ದಾರೆ.

ಮಗನ ಬಗ್ಗೆ ಹೇಳಬೇಕಾದ್ದು ಇದೆ. ಹೊಡೆಯಲಿಲ್ಲ ಎಂದು ನೀವೇ ಬರೆದಿದ್ದೀರಿ, ಆ ಗಳಿಗೆಯಲ್ಲಿ ನಿಮ್ಮನ್ನು ನೀವು ತಡೆದಿದ್ದೀರಿ, ಒಳ್ಳೆಯದಾಯಿತು. ಆದರೆ ಎತ್ತಿದ ಕೈ ಅವನಿಗೆ ಕಂಡಿದೆ. ಇನ್ನು ಮೇಲೆ ಅವನು ಏನನ್ನಾದರೂ ಕೇಳುವ ಮೊದಲು ನಿಮ್ಮ ಮುಖ ನೋಡುತ್ತಾನೆ. ಇದನ್ನು ಬೆಳೆಯಲು ಬಿಡಬೇಡಿ. ಇವತ್ತೇ ಕೂರಿಸಿಕೊಂಡು, ಸುತ್ತು ಬಳಸದೆ, ‘ಆವತ್ತು ನೀನು ಕೇಳಿದ್ದು ತಪ್ಪಲ್ಲ, ನನಗೆ ನನ್ನ ಮೇಲೇ ಸಿಟ್ಟಿತ್ತು, ನಿನ್ನ ಮೇಲೆ ಕೈ ಎತ್ತಿದ್ದು ನನ್ನ ತಪ್ಪು’ ಎನ್ನಿ. ಅಪ್ಪಂದಿರ ಬಾಯಲ್ಲಿ ಈ ಮಾತು ಬರುವುದು ಕಷ್ಟ, ಗೊತ್ತು. ಬಂದ ಮೇಲೆ ಮಕ್ಕಳು ಅದನ್ನು ಹಿಡಿದು ಎಳೆಯುವುದಿಲ್ಲ, ಬೇಗ ಹಗುರಾಗುತ್ತಾರೆ. ಆಮೇಲೆ ಅವನಿಗೆ ಮನಸ್ಸಿದ್ದರೆ ಒಂದು ಬೆಳಿಗ್ಗೆ ಜೊತೆಗೆ ಕರೆದುಕೊಂಡು ಹೋಗಿ, ಕೈಗೆ ಒಂದು ಪುಸ್ತಕ ಕೊಡಿ. ನೀರಿನ ಬಣ್ಣ, ಭರತವೋ ಇಳಿತವೋ, ಗಾಳಿ ಎಲ್ಲಿಂದ, ಎರೆ ಯಾರು ತಿಂದರು, ಇವನ್ನು ಅವನು ಬರೆಯಲಿ. ಮೀನಿನ ಸಂಖ್ಯೆಗೆ ಆ ಪುಸ್ತಕದಲ್ಲಿ ಕಾಲಂ ಬೇಡ. ಹುಡುಗರಿಗೆ ಮೀನಿಗಿಂತ ಏಡಿಯ ಬಗ್ಗೆ ಹೆಚ್ಚು ಕುತೂಹಲ ಇದ್ದರೂ ಇದ್ದೀತು, ಬರೆದುಕೊಳ್ಳಲಿ.

ಇನ್ನು ಹೆಂಡತಿಗೆ ಹೇಳಿದ ಅರ್ಧ ಬೆಲೆ. ನಿಮ್ಮ ನಿದ್ದೆ ಕೆಡಿಸುತ್ತಿರುವುದರಲ್ಲಿ ಮೀನಿಗಿಂತ ಇದರ ಪಾಲು ದೊಡ್ಡದೆಂದು ನನಗನಿಸುತ್ತದೆ. ಬರಿಗೈಯಲ್ಲಿ ಮನೆಗೆ ಬಂದಾಗಲೆಲ್ಲ ಆ ಸುಳ್ಳಿಗೆ ನೀವು ಬಡ್ಡಿ ಕಟ್ಟುತ್ತಿದ್ದೀರಿ. ಒಂದು ದೊಡ್ಡ ಮೀನು ತಂದಿದ್ದರೆ ಖರ್ಚು ಸಮರ್ಥಿಸಿಕೊಳ್ಳಬಹುದಿತ್ತು ಎಂಬ ಒತ್ತಡವೂ ಪ್ರತಿ ಎಸೆತದ ಮೇಲೆ ಕೂತಿದೆ. ಬಿಲ್ಲುಗಳನ್ನೆಲ್ಲ ಒಟ್ಟು ಹಾಕಿ, ಕೂಡಿಸಿ, ಪೂರ್ತಿ ಅಂಕಿಯನ್ನು ಒಂದೇ ಸಲ ಹೇಳಿ. ಕಂತಿನಲ್ಲಿ ಹೇಳಬೇಡಿ, ಕಂತಿನ ಕಷ್ಟ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಿಟ್ಟು ಬಂದರೆ ಅವರಿಗೆ ಬರಲು ಹಕ್ಕಿದೆ, ಎರಡು ದಿನ ಇರಲಿ. ಶಿವರಾತ್ರಿಯವರೆಗೆ ಹೊಸ ಲೂರ್ ಒಂದನ್ನೂ ಕೊಳ್ಳುವುದಿಲ್ಲ ಎಂದು ಆಗಲೇ ಮಾತು ಕೊಡಿ. ಆನಂತರ ತಿಂಗಳಿಗೆ ಇಷ್ಟು ಎಂದು ಇಬ್ಬರೂ ಕೂತು ಗೊತ್ತು ಮಾಡಿ. ಈ ಮಾತು ನಿಮ್ಮಿಂದ ಆಡಲಾಗದೆ ಗಂಟಲಲ್ಲೇ ನಿಂತರೆ, ಅಥವಾ ಮಾತು ಕೊಟ್ಟ ಮೇಲೂ ರಾತ್ರಿ ಕೈ ಫೋನಿಗೆ ಹೋಗುತ್ತಿದ್ದರೆ, ಮೇಲೆ ಹೇಳಿದ ಸಹಾಯವಾಣಿಯಲ್ಲಿ ಅದನ್ನೂ ಹೇಳಿಕೊಳ್ಳಬಹುದು.

ಗಂಡನ, ಮಗನ ಗಾಳದ ಹುಚ್ಚಿನಿಂದ ಬೇಸತ್ತು ಇದನ್ನು ಓದುತ್ತಿರುವ ಮನೆಯವರಿಗೂ ಒಂದು ವಿನಂತಿ. ಬಾಗಿಲಲ್ಲೇ ‘ಸಿಕ್ಕಿತಾ?’ ಎಂದು ಕೇಳುವ ಬದಲು ‘ಕಡಲು ಹೇಗಿತ್ತು?’ ಎಂದು ಕೇಳಿ ನೋಡಿ. ಮೀನು ಸಿಕ್ಕಿದ್ದರೆ ಅವರು ತಾವಾಗಿ ಹೇಳದೆ ಇರುವವರಲ್ಲ.

ಉಳಿದದ್ದು ರಾಡು ಮಾರುವ ಪ್ರಶ್ನೆ. ಮನಸ್ಸು ಕುಗ್ಗಿರುವಾಗ ಮಾರಾಟವೂ ಬೇಡ, ಖರೀದಿಯೂ ಬೇಡ. ಶಿವರಾತ್ರಿಯ ಹೊತ್ತಿಗೆ ಮಳೆಯ ಕೆಸರು ಇಳಿದು ಎಷ್ಟೋ ದಿನವಾಗಿರುತ್ತದೆ, ನೀರು ತಿಳಿಯಾಗಿರುತ್ತದೆ, ನಿಮ್ಮ ಮಗನ ಪುಸ್ತಕದಲ್ಲೂ ಕೆಲವು ಪುಟ ತುಂಬಿರುತ್ತವೆ. ಆಗಲೂ ಭಾನುವಾರ ಬೆಳಿಗ್ಗೆ ಹೊದಿಕೆ ಸರಿಸಲು ಮನಸ್ಸಾಗದಿದ್ದರೆ ಮಾರಿಬಿಡಿ, ಅದರಲ್ಲಿ ಅವಮಾನವಿಲ್ಲ. ಅಲ್ಲಿಯವರೆಗೆ ಪ್ರತಿ ಸಲ ಮನೆಗೆ ಬಂದ ಮೇಲೆ ರೀಲನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿ ಇಡುವುದನ್ನು ತಪ್ಪಿಸಬೇಡಿ. ಉಪ್ಪು ಹಿಡಿದ ರೀಲನ್ನು ಯಾರೂ ಕೊಳ್ಳುವುದಿಲ್ಲ. ಇಟ್ಟುಕೊಂಡರೂ ಅದು ತಿರುಗುವುದಿಲ್ಲ.